ಭಾನುವಾರದ ಓದು: ಯಾರ ಆಯ್ಕೆ, ಯಾರ ಹೊಣೆ?

ವಾರವಿಡೀ ದುಡಿದವರಿಗೆ ಭಾನುವಾರ ಬಂತೆಂದರೆ ಮೈಮನಗಳೆರಡಕ್ಕೂ ಒಂದಿಷ್ಟು ಬಿಡುವು. ಬೆಳಗಿನ ಬಲಿಪೂಜೆ ಮುಗಿದು, ಮಧ್ಯಾಹ್ನದ ಊಟವಾಗಿ, ಕಾಲು ಚಾಚಿ ಕುಳಿತಾಗ ಏನಾದರೂ ಓದೋಣ ಎನಿಸುತ್ತದೆ. ಹಿಂದೆ ಅದು ಪತ್ರಿಕೆಯ ಭಾನುವಾರದ ಪುರವಣಿಯೋ, ವಾರಪತ್ರಿಕೆಯೋ, ಗ್ರಂಥಾಲಯದಿಂದ ತಂದ ಕಾದಂಬರಿಯೋ ಆಗಿರುತ್ತಿತ್ತು. ಈಗ ಬಹಳ ಮನೆಗಳಲ್ಲಿ ಅದು ಅಂಗೈಯಲ್ಲಿರುವ ಮೊಬೈಲ್ ಫೋನು. ದೇಶದ ಸುದ್ದಿ, ಹೊಸ ಯಂತ್ರಗಳ ವಿಷಯ, ಹಳೆಯ ರಾಜರ ಕತೆ, ಸಿನಿಮಾ, ಹಾಡು, ಅಡುಗೆ ಎಲ್ಲವೂ ಅದರಲ್ಲಿ ಒಂದರ ಹಿಂದೊಂದು ಬರುತ್ತವೆ.

"ಬಿಡುವಿನ ಹೊತ್ತಿನಲ್ಲಿ ನಾನು ಏನು ಓದಿದರೆ ಯಾರಿಗೇನು ನಷ್ಟ? ಕೆಲಸದಲ್ಲಿ ಮೋಸ ಮಾಡಿದರೆ ಪಾಪ. ಹೆತ್ತವರನ್ನು ನೋಡಿಕೊಳ್ಳದಿದ್ದರೆ ಪಾಪ. ಓದಿನಲ್ಲಿ ಪಾಪಪುಣ್ಯ ಎಲ್ಲಿಂದ ಬಂತು?" ಎಂದು ಕೇಳುವವರಿದ್ದಾರೆ. ಅಶ್ಲೀಲವಾದುದನ್ನು ಓದಬಾರದು ಎಂಬುದನ್ನು ಎಲ್ಲರೂ ಒಪ್ಪುತ್ತಾರೆ. ಅದರಾಚೆಗೆ ಓದು ಅವರವರ ರುಚಿ, ಅವರವರ ಇಷ್ಟ ಎಂಬುದೇ ಸಾಮಾನ್ಯ ಅಭಿಪ್ರಾಯ. ಈ ಅಭಿಪ್ರಾಯ ಎಷ್ಟು ಸರಿ? ನಾವು ಕುಳಿತಲ್ಲೇ ಓದಿದ ನಾಲ್ಕು ಸಾಲು ಇನ್ನೊಬ್ಬರ ಬದುಕನ್ನು ಮುಟ್ಟುತ್ತದೆಯೇ? ಮುಟ್ಟುವುದಾದರೆ, ಏನನ್ನು ಓದಬೇಕು ಎಂದು ಆರಿಸುವ ಹೊಣೆ ಯಾರದು? ಪ್ರಿಯ ಓದುಗರೇ, ಈ ವಾರ ಇದನ್ನು ಸ್ವಲ್ಪ ನಿಧಾನವಾಗಿ ಯೋಚಿಸೋಣ.

ಒಂದು ಸಂದೇಶ, ಒಂದು ಪ್ರಾಣ

2018ರ ಜುಲೈ 13ರಂದು ಹೈದರಾಬಾದಿನಿಂದ ಬಂದ ಕೆಲವು ಗೆಳೆಯರು ಬೀದರ್ ಜಿಲ್ಲೆಯ ಔರಾದ್ ತಾಲೂಕಿನಲ್ಲಿ ಕಾರಿನಲ್ಲಿ ಹೋಗುತ್ತಿದ್ದರು. ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಆ ದಿನಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸಾಪ್ ಸಂದೇಶಗಳು ದೇಶದ ಹಲವೆಡೆ ಹರಿದಾಡುತ್ತಿದ್ದವು. ನೋಡಿದವರಿಗೆ ಸಂದೇಹ ಬಂತು. ಅವರ ಕುರಿತ ಸುದ್ದಿ ಫೋನಿನಿಂದ ಫೋನಿಗೆ ಹಾರಿ ಕಾರಿಗಿಂತ ಮುಂಚೆ ಮುರ್ಕಿ ಎಂಬ ಹಳ್ಳಿಯನ್ನು ತಲುಪಿತು. ಅಲ್ಲಿ ಜನ ರಸ್ತೆಗೆ ಅಡ್ಡಹಾಕಿ ಕಾಯುತ್ತಿದ್ದರು. ಗುಂಪಿನ ಹೊಡೆತಕ್ಕೆ ಆ ಗೆಳೆಯರಲ್ಲಿ ಒಬ್ಬ ಯುವಕ ಪ್ರಾಣ ಬಿಟ್ಟ. ಜೊತೆಗಿದ್ದವರು ತೀವ್ರವಾಗಿ ಗಾಯಗೊಂಡರು. ಅವರು ಯಾವ ಮಗುವನ್ನೂ ಕದಿಯಲು ಬಂದವರಾಗಿರಲಿಲ್ಲ.

ಇದಕ್ಕೆ ಆರು ವರ್ಷಗಳ ಹಿಂದೆ, 2012ರ ಆಗಸ್ಟ್‌ನಲ್ಲಿ, ಬೆಂಗಳೂರಿನಲ್ಲಿ ನಡೆದುದನ್ನು ನೆನಪಿಸಿಕೊಳ್ಳಿ. ಅಸ್ಸಾಮಿನ ಗಲಭೆಗಳ ಬಳಿಕ, ಇಲ್ಲಿರುವ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ವದಂತಿ ಮೊಬೈಲ್ ಸಂದೇಶಗಳ ಮೂಲಕ ಹಬ್ಬಿತು. ಹೋಟೆಲುಗಳಲ್ಲಿ, ಕಾವಲು ಕೆಲಸದಲ್ಲಿ, ಕಾಲೇಜುಗಳಲ್ಲಿ ಇದ್ದ ಸಾವಿರಾರು ಯುವಕ ಯುವತಿಯರು ಕೈಗೆ ಸಿಕ್ಕ ಚೀಲ ಹಿಡಿದು ರೈಲು ನಿಲ್ದಾಣಕ್ಕೆ ಓಡಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ವದಂತಿ ಹೇಳಿದಂಥ ಹತ್ಯಾಕಾಂಡ ನಡೆಯಲೇ ಇಲ್ಲ. ಆಗ ಸರ್ಕಾರ ಕೆಲವು ದಿನಗಳ ಮಟ್ಟಿಗೆ ಒಮ್ಮೆಗೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸಬಾರದೆಂದು ನಿರ್ಬಂಧ ಹಾಕಿತು. 2018ರ ಜುಲೈನಲ್ಲಿ ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ದಾಟಿಸಬಹುದು ಎಂಬ ಮಿತಿ ತಂದಿತು. ಎರಡು ಸಲವೂ ಐದು. ನಮ್ಮ ಬೆರಳಿಗೆ ನಾವೇ ಹಾಕಿಕೊಳ್ಳಬೇಕಾಗಿದ್ದ ಕಡಿವಾಣವನ್ನು ಹೊರಗಿನವರು ಹಾಕಬೇಕಾಯಿತು.

ಮುರ್ಕಿಯಲ್ಲಿ ಕೈಯೆತ್ತಿದವರ ವಿಚಾರಣೆ ನ್ಯಾಯಾಲಯದ ಕೆಲಸ. ನಮ್ಮ ಪ್ರಶ್ನೆ ಬೇರೆ. ಅಂಥ ಸಂದೇಶವನ್ನು ಮನೆಯಲ್ಲಿ ಕುಳಿತು ಓದಿ, "ಇರಬಹುದು" ಎಂದುಕೊಂಡು, ಮುಂದೆ ದಾಟಿಸಿದವರು ಯಾರನ್ನೂ ಹೊಡೆಯಲಿಲ್ಲ. ಅವರಲ್ಲಿ ಎಷ್ಟೋ ಮಂದಿ ತಮ್ಮ ಮಕ್ಕಳ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿರಬಹುದು. ಹಾಗಾದರೆ ಅವರಿಗೆ ಇದರಲ್ಲಿ ಪಾಲೇ ಇಲ್ಲವೇ?

ಎಂಟನೆಯ ದೈವಾಜ್ಞೆ ಸುಳ್ಳುಸಾಕ್ಷಿಯನ್ನು ಕುರಿತದ್ದು. ನಾವು ಅದನ್ನು ಸಾಮಾನ್ಯವಾಗಿ ನಾಲಿಗೆಗೆ ಸಂಬಂಧಿಸಿದ ಆಜ್ಞೆ ಎಂದು ತಿಳಿಯುತ್ತೇವೆ. ಆದರೆ 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಸಾಕಷ್ಟು ಆಧಾರವಿಲ್ಲದೆ ನೆರೆಯವನ ನಡತೆಯ ದೋಷವನ್ನು ಮನಸ್ಸಿನೊಳಗೆ ಮೌನವಾಗಿ ನಿಜವೆಂದು ಒಪ್ಪಿಕೊಳ್ಳುವುದೂ ತಪ್ಪೇ ಎಂದು ಅದು ತಿಳಿಸುತ್ತದೆ. ಈ ಮಾತನ್ನು ಗಮನಿಸಬೇಕು. ಮೌನವಾಗಿ ಒಪ್ಪಿಕೊಳ್ಳುವುದು ಎಲ್ಲಿ ನಡೆಯುತ್ತದೆ? ಬಹುಮಟ್ಟಿಗೆ ಓದುವಾಗಲೇ ನಡೆಯುತ್ತದೆ. ಮಾತು ಆಮೇಲೆ ಬರುತ್ತದೆ, ಕೈ ಅದಕ್ಕೂ ಆಮೇಲೆ ಬರುತ್ತದೆ. ಓದುವ ಗಳಿಗೆಯಲ್ಲಿ, ಎದುರಿಗಿಲ್ಲದ ಒಬ್ಬ ಮನುಷ್ಯನ ಮೇಲೆ ನಾವು ಒಂದು ತೀರ್ಪು ಕೊಟ್ಟಿರುತ್ತೇವೆ. ತನ್ನ ಪರವಾಗಿ ಮಾತಾಡಲು ಅವನು ಅಲ್ಲಿರುವುದಿಲ್ಲ. ಆದ್ದರಿಂದ ಓದು ಕೇವಲ ನಮ್ಮ ಸ್ವಂತ ವಿಷಯ ಎನ್ನಲಾಗುವುದಿಲ್ಲ.

ತಿಳಿಯುವ ಹಸಿವು

ಸಂತ ತೋಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿ ಈ ವಿಷಯವನ್ನು ಬಹಳ ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ತಿಳಿಯಬೇಕೆಂಬ ಆಸೆ ಮನುಷ್ಯನಿಗೆ ಸಹಜ, ಅದು ಒಳ್ಳೆಯದು. ಆದರೆ ಆ ಆಸೆಗೆ ಒಂದು ಹದ ಬೇಕು ಎನ್ನುತ್ತಾರೆ ಅವರು. ಹದವರಿತ ಕಲಿಕೆಯನ್ನು ಸದ್ಗುಣವೆಂದೂ, ಹದ ತಪ್ಪಿದ ಕುತೂಹಲವನ್ನು ದೋಷವೆಂದೂ ಬೇರ್ಪಡಿಸುತ್ತಾರೆ. ಆ ಸದ್ಗುಣವನ್ನು ಅವರು ಮಿತತೆಯ ಕೆಳಗೆ ಇಟ್ಟಿದ್ದಾರೆ. ಊಟ ಮತ್ತು ಪಾನೀಯದ ಸಂಯಮವನ್ನು ಹೇಳುವುದೂ ಅದೇ ಕಡೆ. ಅಂದರೆ ತಿಳಿಯುವ ಆಸೆಯೂ ಒಂದು ಹಸಿವು. ಹಸಿವಿಲ್ಲದವನು ಸೊರಗುತ್ತಾನೆ, ಸಿಕ್ಕಿದ್ದನ್ನೆಲ್ಲ ತಿನ್ನುವವನು ಕಾಯಿಲೆ ಬೀಳುತ್ತಾನೆ. ಕರ್ತವ್ಯ ಬಿಟ್ಟು ಕೆಲಸಕ್ಕೆ ಬಾರದ್ದನ್ನು ಹುಡುಕುವುದು, ಇನ್ನೊಬ್ಬರ ತಪ್ಪುಗಳನ್ನು ತಿಳಿದು ಅವರನ್ನು ಹೀನಾಯ ಮಾಡಲೆಂದೇ ಕಣ್ಣು ಹಾಯಿಸುವುದು ಇವೆಲ್ಲ ಹದ ತಪ್ಪಿದ ಹಸಿವಿನ ಲಕ್ಷಣಗಳು.

ಹದ ಯಾವುದೆಂದು ತಿಳಿಯುವುದು ಹೇಗೆ? ಇದಕ್ಕೆ ಸಂತ ಇಗ್ನೇಷಿಯಸ್ ಲೊಯೋಲರ ಬಾಳಿನ ಒಂದು ಘಟನೆ ನೆರವಾಗುತ್ತದೆ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಕಾಲಿಗೆ ಗುಂಡಿನ ಪೆಟ್ಟು ಬಿದ್ದು ಅವರು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದರು. ಹೊತ್ತು ಕಳೆಯಲು ವೀರಯೋಧರ ಪ್ರಣಯಸಾಹಸಗಳ ಪುಸ್ತಕ ಕೇಳಿದರು. ಆ ಮನೆಯಲ್ಲಿ ಅಂಥ ಪುಸ್ತಕ ಇರಲಿಲ್ಲ. ಕ್ರಿಸ್ತರ ಜೀವನಚರಿತ್ರೆ ಮತ್ತು ಸಂತರ ಚರಿತ್ರೆಗಳು ಮಾತ್ರ ಸಿಕ್ಕವು. ಅವನ್ನು ಓದುತ್ತಾ, ನಡುನಡುವೆ ತಮ್ಮ ಹಳೆಯ ಸಾಹಸದ ಕನಸುಗಳನ್ನೂ ಕಾಣುತ್ತಾ ಇದ್ದಾಗ ಅವರೊಂದು ವ್ಯತ್ಯಾಸ ಗಮನಿಸಿದರು. ಎರಡೂ ಆ ಹೊತ್ತಿಗೆ ಹಿತವಾಗಿದ್ದವು. ಆದರೆ ಹಳೆಯ ಕನಸು ಮುಗಿದ ಮೇಲೆ ಮನಸ್ಸು ಒಣಗಿದಂತಾಗುತ್ತಿತ್ತು. ಸಂತರ ಬಾಳನ್ನು ನೆನೆದ ಮೇಲೆ ನೆಮ್ಮದಿ ಉಳಿಯುತ್ತಿತ್ತು.

ಓದನ್ನು ಅಳೆಯಲು ಇದಕ್ಕಿಂತ ಸರಳವಾದ ಕೋಲು ಬೇಕಾಗಿಲ್ಲ. ಓದುವಾಗಿನ ರುಚಿಗಿಂತ ಓದಿ ಎದ್ದ ಮೇಲೆ ಉಳಿಯುವ ರುಚಿ ಮುಖ್ಯ. ಒಂದು ಗಂಟೆ ಫೋನು ನೋಡಿ ಎದ್ದಾಗ ಮನಸ್ಸಿನಲ್ಲಿ ಏನುಳಿದಿದೆ? ಯಾರ ಮೇಲೋ ಸಿಟ್ಟೇ? ಯಾರನ್ನೋ ಕಂಡು ಹೊಟ್ಟೆಯುರಿಯೇ? ಹೆಸರಿಲ್ಲದ ಒಂದು ಭಯವೇ? ಅಥವಾ ನಾಳೆ ಒಬ್ಬರೊಡನೆ ಹೆಚ್ಚು ತಿಳಿವಳಿಕೆಯಿಂದ ನಡೆದುಕೊಳ್ಳಲು ಬೇಕಾದ ಏನಾದರೂ ಸಿಕ್ಕಿತೇ? ಸತ್ಯವಾದ ಸುದ್ದಿಯೂ ಕೆಲವೊಮ್ಮೆ ಸಿಟ್ಟು ತರಿಸುತ್ತದೆ, ತರಿಸಬೇಕು ಕೂಡ. ಆದರೆ ಅನ್ಯಾಯದ ಮೇಲಿನ ಸಿಟ್ಟು ನಮ್ಮನ್ನು ಯಾವುದಾದರೂ ಕೆಲಸಕ್ಕೆ ಹಚ್ಚುತ್ತದೆ. ಇನ್ನೊಂದು ಬಗೆಯ ಸಿಟ್ಟು ಮತ್ತೆ ಮತ್ತೆ ಫೋನಿಗೇ ಮರಳಿಸುತ್ತದೆ.

ಶಿಫಾರಸು ಮಾಡುವವರು ಯಾರು?

"ನನ್ನ ಓದನ್ನು ನಾನೇ ಆರಿಸುತ್ತೇನೆ" ಎಂದು ನಾವು ಹೇಳುತ್ತೇವೆ. ನಿಜವಾಗಿ ಹಾಗೆ ಆರಿಸುವವರು ಕಡಿಮೆ. ಯಾರೋ ಮುಂದಿಟ್ಟದ್ದನ್ನು ಓದುತ್ತೇವೆ. ಆ 'ಯಾರೋ' ಯಾರು ಎಂದು ಕೇಳುವುದು ಅಗತ್ಯ.

ನಮ್ಮ ಧರ್ಮಸಭೆಗೇ ಇದರಲ್ಲಿ ಒಂದು ದೀರ್ಘ ಅನುಭವವಿದೆ. 1559ರಲ್ಲಿ ಜಗದ್ಗುರು ನಾಲ್ಕನೆಯ ಪೌಲರ ಕಾಲದಲ್ಲಿ ರೋಮಿನಿಂದ ನಿಷೇಧಿತ ಪುಸ್ತಕಗಳ ಪಟ್ಟಿ ಹೊರಟಿತು. ವಿಶ್ವಾಸಿಗಳ ಆತ್ಮಕ್ಕೆ ಕೇಡಾಗದಿರಲಿ ಎಂಬುದು ಅದರ ಉದ್ದೇಶ. ಆದರೆ ಉದ್ದೇಶ ಒಳ್ಳೆಯದಾದ ಮಾತ್ರಕ್ಕೆ ಪಟ್ಟಿ ತಪ್ಪದೆ ಇರಲಿಲ್ಲ. ಭೂಮಿ ಸೂರ್ಯನ ಸುತ್ತ ತಿರುಗುತ್ತದೆ ಎಂಬ ವಾದವನ್ನು ಮುಂದಿಟ್ಟ ಗೆಲಿಲಿಯೋ ಅವರ ಗ್ರಂಥ 1633ರ ವಿಚಾರಣೆಯ ಬಳಿಕ ನಿಷೇಧಕ್ಕೊಳಗಾಯಿತು. 1835ರ ಪಟ್ಟಿಯಲ್ಲಷ್ಟೇ ಅದನ್ನು ಕೈಬಿಡಲಾಯಿತು. ಅವರ ವಿಚಾರದಲ್ಲಿ ತಪ್ಪಾಗಿತ್ತೆಂದು ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡರು. 1966ರಲ್ಲಿ ಆ ಪಟ್ಟಿಯ ಕಾನೂನಿನ ಬಲವನ್ನೇ ತೆಗೆದುಹಾಕಲಾಯಿತು. ಆಗ ಧರ್ಮಸಭೆ "ಇನ್ನು ಏನನ್ನು ಬೇಕಾದರೂ ಓದಿ" ಎಂದು ಹೇಳಲಿಲ್ಲ. ನಿರ್ಧಾರದ ಭಾರವನ್ನು ವಿಶ್ವಾಸಿಯ ಮನಸ್ಸಾಕ್ಷಿಗೆ ಒಪ್ಪಿಸಿತು. ಹೊರಗಿನ ಕಾವಲುಗಾರ ಹೋದ ಮೇಲೆ ಒಳಗಿನ ಕಾವಲುಗಾರ ಎಚ್ಚರವಾಗಿರಬೇಕು. ನಮ್ಮಲ್ಲಿ ಅವನು ಎಚ್ಚರವಾಗಿದ್ದಾನೆಯೇ?

ಈಗ ಇನ್ನೊಂದು ಪಟ್ಟಿ ಬಂದಿದೆ. ಅದು ನಿಷೇಧದ ಪಟ್ಟಿಯಲ್ಲ, ಶಿಫಾರಸಿನ ಪಟ್ಟಿ. ಫೋನಿನ ಪರದೆಯ ಮೇಲೆ ಒಂದು ಮುಗಿಯುತ್ತಿದ್ದಂತೆ ಇನ್ನೊಂದು ತಾನಾಗಿ ಬರುತ್ತದಲ್ಲ, ಅದನ್ನು ಆರಿಸುವುದು ಒಂದು ಗಣಕಸೂತ್ರ. ನಮ್ಮ ಕಣ್ಣು ಯಾವುದರ ಮೇಲೆ ಎಷ್ಟು ಹೊತ್ತು ನಿಂತಿತು, ಯಾವುದನ್ನು ಒತ್ತಿದೆವು, ಯಾವುದನ್ನು ಇನ್ನೊಬ್ಬರಿಗೆ ಕಳಿಸಿದೆವು ಎಂಬುದನ್ನು ಅದು ಲೆಕ್ಕ ಇಡುತ್ತದೆ. ನಾವು ಹೆಚ್ಚು ಹೊತ್ತು ನೋಡಿದಷ್ಟೂ ಜಾಹೀರಾತು ಹೆಚ್ಚು, ಜಾಹೀರಾತು ಹೆಚ್ಚಾದಷ್ಟೂ ಆದಾಯ ಹೆಚ್ಚು. ಆದ್ದರಿಂದ ನಮ್ಮನ್ನು ಹಿಡಿದು ನಿಲ್ಲಿಸುವುದನ್ನು ಅದು ಮುಂದಿಡುತ್ತದೆ. ಅದು ಸತ್ಯವೇ, ನಮಗೆ ಹಿತವೇ ಎಂಬುದು ಆ ಲೆಕ್ಕದಲ್ಲಿ ಮುಖ್ಯವಲ್ಲ. ಆ ಸೂತ್ರಕ್ಕೆ ನಮ್ಮ ಮೇಲೆ ದ್ವೇಷವೂ ಇಲ್ಲ, ಪ್ರೀತಿಯೂ ಇಲ್ಲ.

ಒಬ್ಬ ಅಣ್ಣನೋ, ಶಾಲೆಯ ಟೀಚರೋ, ಧರ್ಮಕೇಂದ್ರದ ಗುರುಗಳೋ "ಇದನ್ನು ಓದಿ ನೋಡಿ" ಎಂದು ಪುಸ್ತಕ ಕೈಗಿತ್ತಾಗ ಆಗುವುದೇ ಬೇರೆ. ಅವರು ಅದನ್ನು ತಾವು ಓದಿದ್ದಾರೆ. ನಮ್ಮನ್ನು ಬಲ್ಲರು. ಪುಸ್ತಕ ಕೆಟ್ಟದಾಗಿದ್ದರೆ ಮುಂದಿನ ವಾರ ನಮ್ಮ ಮುಖ ನೋಡಬೇಕು. ಶಿಫಾರಸು ಎಂದರೆ ಒಂದು ಬಗೆಯ ಜಾಮೀನು. ಸಹಕಾರ ಸಂಘದಲ್ಲಿ ಇನ್ನೊಬ್ಬರ ಸಾಲಕ್ಕೆ ಜಾಮೀನು ಸಹಿ ಹಾಕುವ ಮುನ್ನ ನಾವು ಎಷ್ಟು ಯೋಚಿಸುತ್ತೇವೆ! ಆದರೆ ಒಂದು ಸಂದೇಶವನ್ನು ಮೂವತ್ತು ಜನರ ಗುಂಪಿಗೆ ದಾಟಿಸುವಾಗ, ಅದರ ಸತ್ಯಕ್ಕೆ ಜಾಮೀನು ನಿಲ್ಲುತ್ತಿದ್ದೇವೆ ಎಂಬುದು ನೆನಪಾಗುವುದಿಲ್ಲ. "ಬಂದದ್ದನ್ನು ಕಳಿಸಿದೆ ಅಷ್ಟೇ" ಎನ್ನುವುದು ಜಾಮೀನುದಾರನಿಗೆ ಒಪ್ಪುವ ಮಾತಲ್ಲ.

ವಾರಾಂತ್ಯದ ಓದಿಗೊಂದು ಹಳೆಯ ಮಾದರಿಯೂ ಇದೆ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠಗಳಿಗೆ ಬರೆದ ನಿಯಮಾವಳಿಯ 48ನೆಯ ಅಧ್ಯಾಯ ದುಡಿಮೆಗೂ ಓದಿಗೂ ವೇಳೆ ಹಂಚುತ್ತದೆ. ಭಾನುವಾರ ಬೇರೆ ಹೊಣೆಯಿಲ್ಲದವರೆಲ್ಲ ಓದಿನಲ್ಲಿ ತೊಡಗಬೇಕು. ತಪಸ್ಸು ಕಾಲದ ಓದಿನ ವೇಳೆ ಒಬ್ಬಿಬ್ಬರು ಹಿರಿಯರು ಸುತ್ತಾಡಿ, ಯಾರಾದರೂ ಹರಟೆಯಲ್ಲಿ ಕಾಲ ಕಳೆದು ಇತರರನ್ನೂ ಕೆಡಿಸುತ್ತಿದ್ದಾರೆಯೇ ಎಂದು ನೋಡಬೇಕು. ಓದಲಾಗದವನಿಗೆ ಸುಮ್ಮನೆ ಕೂರದಂತೆ ತಕ್ಕ ಕೆಲಸ ಕೊಡಬೇಕು. ಓದು ಅಲ್ಲಿ ಒಬ್ಬೊಬ್ಬರ ಹವ್ಯಾಸವಾಗಿರಲಿಲ್ಲ. ಇಡೀ ಮನೆಯ ಕಾಳಜಿಯಾಗಿತ್ತು.

ನಾಲ್ಕು ಬಗೆಯ ಓದು

ಹಾಗಾದರೆ ಭಾನುವಾರ ಏನನ್ನು ಓದಬೇಕು? ದೈವವಾಕ್ಯ ಮೊದಲು ಎಂಬುದನ್ನು ಈ ಪುಟದ ಓದುಗರಿಗೆ ಹೇಳಬೇಕಾಗಿಲ್ಲ. ಲೋಕದ ವಿಷಯದಲ್ಲಿ ನಾಲ್ಕು ಬಗೆಯ ಓದು ಪ್ರತಿ ಮನೆಗೂ ಬೇಕು: ಪ್ರಚಲಿತ ವಿದ್ಯಮಾನ, ತಂತ್ರಜ್ಞಾನ, ಇತಿಹಾಸ, ಸಂಸ್ಕೃತಿ. ಒಂದೊಂದಕ್ಕೂ ಅದರದೇ ಅಪಾಯವಿದೆ. ಅದಕ್ಕೆ ತಕ್ಕ ಒಂದೊಂದು ಪ್ರಶ್ನೆಯನ್ನು ನಾವು ಕೈಯಲ್ಲಿ ಹಿಡಿದಿರಬೇಕು.

ಪ್ರಚಲಿತ ವಿದ್ಯಮಾನದ ಅಪಾಯ ಅವಸರ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಅವರು 1843ರ ಜುಲೈ 1ರಂದು ಆರಂಭಿಸಿದರು. ಕಲ್ಲಚ್ಚಿನಲ್ಲಿ ಮುದ್ರಿತವಾಗುತ್ತಿದ್ದ ಅದು ಹದಿನೈದು ದಿನಗಳಿಗೊಮ್ಮೆ ಬರುತ್ತಿತ್ತು. ಒಂದು ಸಂಚಿಕೆ ಓದಿದವರಿಗೆ ಮುಂದಿನ ಸಂಚಿಕೆಯವರೆಗೆ ಯೋಚಿಸಲು, ಕೇಳಿ ತಿಳಿಯಲು ಬೇಕಾದಷ್ಟು ದಿನಗಳಿರುತ್ತಿದ್ದವು. ನಾವು ಆ ಕಾಲಕ್ಕೆ ಮರಳಲಾರೆವು. ಆದರೆ ವಾರವೆಲ್ಲ ಚೂರುಚೂರಾಗಿ ಕಿವಿಗೆ ಬಿದ್ದ ಸುದ್ದಿಗಳಲ್ಲಿ ಒಂದನ್ನಾದರೂ ಆರಿಸಿ, ಅದರ ಹಿಂದುಮುಂದನ್ನು ವಿವರಿಸುವ ಒಂದು ದೀರ್ಘ ಲೇಖನವನ್ನು ಭಾನುವಾರ ಓದಬಹುದು. ಆಗ ಕೇಳಬೇಕಾದ ಪ್ರಶ್ನೆ: ಇದು ಯಾರಿಗೆ ಹೇಗೆ ತಿಳಿಯಿತು? ನೋಡಿದವರು ಹೇಳಿದ್ದೇ, ಕೇಳಿದವರು ಹೇಳಿದ್ದೇ, ಹೆಸರಿಲ್ಲದವರು ಹೇಳಿದ್ದೇ?

ತಂತ್ರಜ್ಞಾನದ ಓದಿನ ಅಪಾಯ ಬೆರಗು. ಹೊಸದೆಲ್ಲವೂ ಒಳ್ಳೆಯದು ಎನಿಸಿಬಿಡುತ್ತದೆ, ಇಲ್ಲವೇ ಹೊಸದೆಲ್ಲವೂ ಕೆಟ್ಟದ್ದು ಎನಿಸುತ್ತದೆ. ನಮ್ಮ ಶರಾವತಿಯನ್ನೇ ನೋಡಿ. 1940ರ ದಶಕದಲ್ಲಿ ಅಲ್ಲಿ ಹಿರೇಭಾಸ್ಕರ ಅಣೆಕಟ್ಟು ಎದ್ದಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಅದರ ಹಿನ್ನೀರಿನಲ್ಲಿ ಆ ಹಳೆಯ ಅಣೆಕಟ್ಟೇ ಮುಳುಗಿತು. ನಾಡಿನ ಮನೆಗಳಿಗೆ, ಕಾರ್ಖಾನೆಗಳಿಗೆ ಶರಾವತಿಯಿಂದ ವಿದ್ಯುತ್ ಬಂತು. ಅದೇ ನೀರಿನಲ್ಲಿ ಹಳ್ಳಿಗಳು, ಗದ್ದೆತೋಟಗಳು ಮುಳುಗಿದವು. ಎದ್ದು ಹೋದವರ ಭೂಮಿಯ ಹಕ್ಕಿನ ತಕರಾರು ದಶಕಗಳುದ್ದಕ್ಕೂ ಎಳೆಯಿತು. ಸಾಗರದಲ್ಲಿ ನೆಲೆಸಿ, ಲೋಕೋಪಯೋಗಿ ಇಲಾಖೆಯಲ್ಲಿ ದುಡಿದ ನಮ್ಮ ನಾ. ಡಿಸೋಜರು ಆ ಜನರ ಪಾಡನ್ನು 'ಮುಳುಗಡೆ', 'ದ್ವೀಪ' ಮುಂತಾದ ಕಾದಂಬರಿಗಳಲ್ಲಿ ಬರೆದರು. 'ದ್ವೀಪ' ಗಿರೀಶ್ ಕಾಸರವಳ್ಳಿಯವರ ಕೈಯಲ್ಲಿ ಚಲನಚಿತ್ರವಾಗಿ ಸ್ವರ್ಣಕಮಲ ಪಡೆಯಿತು. 2014ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿದ ಡಿಸೋಜರು 2025ರ ಜನವರಿಯಲ್ಲಿ ನಮ್ಮನ್ನಗಲಿದರು. ಅವರ ಪುಸ್ತಕ ಓದಿದವರು ದೀಪದ ಗುಂಡಿ ಒತ್ತುವುದನ್ನು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಆದರೆ ಆ ಬೆಳಕಿಗೆ ಯಾರು ಬೆಲೆ ತೆತ್ತರು ಎಂಬುದು ಅವರಿಗೆ ಗೊತ್ತಿರುತ್ತದೆ.

ಈಗ ಕೃತಕ ಬುದ್ಧಿಮತ್ತೆಯ ಕಾಲ. ಅದರ ಬಗ್ಗೆ ವ್ಯಾಟಿಕನ್ 2025ರ ಜನವರಿ 28ರಂದು, ಸಂತ ತೋಮಸ್ ಅಕ್ವಿನಾಸರ ಹಬ್ಬದ ದಿನ, ಒಂದು ವಿಸ್ತಾರವಾದ ಟಿಪ್ಪಣಿ ಹೊರಡಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು ಹದಿನಾಲ್ಕನೆಯ ಲಿಯೋ ಅವರು, 1891ರಲ್ಲಿ ಕಾರ್ಮಿಕರ ಹಕ್ಕುಗಳ ಬಗ್ಗೆ ವಿಶ್ವಪತ್ರ ಬರೆದ ಹದಿಮೂರನೆಯ ಲಿಯೋ ಅವರ ಹೆಸರನ್ನು ತಾವು ಆರಿಸಿಕೊಳ್ಳಲು ಈ ಹೊಸ ತಂತ್ರಜ್ಞಾನ ಒಡ್ಡಿರುವ ಸವಾಲೂ ಕಾರಣವೆಂದು ತಿಳಿಸಿದರು. ಅಣೆಕಟ್ಟಿಗೂ ಗಣಕಯಂತ್ರಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದರ ಲಾಭ ಯಾರಿಗೆ, ಬೆಲೆ ಯಾರ ತಲೆಗೆ?

ಇತಿಹಾಸದ ಓದಿನ ಅಪಾಯ ಇನ್ನೂ ಆಳವಾದದ್ದು. ನಾವು ಅಲ್ಲಿ ಸತ್ಯಕ್ಕಿಂತ ಹೆಚ್ಚಾಗಿ ನಮ್ಮ ಪರವಾದ ಸಾಕ್ಷಿಯನ್ನು ಹುಡುಕುತ್ತೇವೆ. ಒಂದು ನೋವಿನ ಉದಾಹರಣೆ ನಮ್ಮ ಮನೆಯೊಳಗೇ ಇದೆ. 1784ರಲ್ಲಿ ಟಿಪ್ಪು ಸುಲ್ತಾನ್ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿದ. ಎಷ್ಟು ಮಂದಿ ಎಂಬುದರಲ್ಲಿ ಆಧಾರಗಳ ನಡುವೆ ಬಹಳ ಅಂತರವಿದೆ. ದಾರಿಯಲ್ಲೂ ಸೆರೆಯಲ್ಲೂ ಬಹಳ ಜನ ಸತ್ತರೆಂಬುದರಲ್ಲಿ ಸಂಶಯವಿಲ್ಲ. 1799ರವರೆಗೆ ಆ ಸೆರೆ ಮುಗಿಯಲಿಲ್ಲ. ಕರಾವಳಿಯ ಎಷ್ಟೋ ಕುಟುಂಬಗಳಲ್ಲಿ ಅದರ ನೆನಪು ಮಾಸಿಲ್ಲ. ಅದೇ ಟಿಪ್ಪು, 1791ರಲ್ಲಿ ಮರಾಠಾ ಸೈನ್ಯದ ಕಡೆಯವರು ಶೃಂಗೇರಿ ಮಠವನ್ನು ಕೊಳ್ಳೆಹೊಡೆದಾಗ ಮಠಕ್ಕೆ ನೆರವು ಕೊಟ್ಟು ಸ್ವಾಮಿಗಳಿಗೆ ಗೌರವದಿಂದ ಪತ್ರ ಬರೆದ. ಕನ್ನಡದಲ್ಲಿರುವ ಆ ಪತ್ರಗಳನ್ನು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಬೆಳಕಿಗೆ ತಂದರು.

ಮೊದಲನೆಯದನ್ನಷ್ಟೇ ಓದಿದವರಿಗೆ ಒಬ್ಬ ಟಿಪ್ಪು ಸಿಗುತ್ತಾನೆ, ಎರಡನೆಯದನ್ನಷ್ಟೇ ಓದಿದವರಿಗೆ ಇನ್ನೊಬ್ಬ. ಎರಡನ್ನೂ ಓದಿದವರಿಗೆ ಸುಲಭವಾದ ತೀರ್ಪು ಸಿಗುವುದಿಲ್ಲ. ಶೃಂಗೇರಿಯ ಪತ್ರಗಳಿಂದ ಸೆರೆಯಾಳುಗಳ ಕಣ್ಣೀರು ಸುಳ್ಳಾಗುವುದಿಲ್ಲ. ಸೆರೆಯಾಳುಗಳ ಕಣ್ಣೀರಿನಿಂದ ಆ ಪತ್ರಗಳೂ ಸುಳ್ಳಾಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಇನ್ನೂರು ವರ್ಷಗಳ ಹಿಂದಿನ ಅರಸನ ಸಾಲವನ್ನು ಇಂದಿನ ನೆರೆಮನೆಯವರ ಖಾತೆಗೆ ಬರೆಯುವ ಅಧಿಕಾರವನ್ನು ಯಾವ ಇತಿಹಾಸ ಪುಸ್ತಕವೂ ನಮಗೆ ಕೊಟ್ಟಿಲ್ಲ.

ನಮ್ಮವರೇ ಬರೆದದ್ದಾದರೂ ಈ ಎಚ್ಚರ ಬೇಕು. 1799ರ ಬಳಿಕ ಶ್ರೀರಂಗಪಟ್ಟಣದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿದ ಫ್ರೆಂಚ್ ಗುರು ಅಬ್ಬೆ ದುಬ್ವಾ ಅವರು ಹಿಂದೂಗಳ ಆಚಾರವಿಚಾರಗಳ ಬಗ್ಗೆ ಬರೆದ ಗ್ರಂಥ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಗಿ ಲೋಕಪ್ರಸಿದ್ಧವಾಯಿತು. ಅದರ ಬಹುಭಾಗಕ್ಕೆ, ಅವರಿಗಿಂತ ಮೊದಲು ದಕ್ಷಿಣ ಭಾರತದಲ್ಲಿದ್ದ ಯೇಸುಸಭೆಯ ಗುರು ಕೂರ್ದು ಅವರ ಬರಹ ಆಧಾರವೆಂದು ಇಪ್ಪತ್ತನೆಯ ಶತಮಾನದಲ್ಲಿ ಫ್ರೆಂಚ್ ವಿದುಷಿ ಸಿಲ್ವಿಯಾ ಮೂರ್ ತೋರಿಸಿಕೊಟ್ಟರು. ಇತಿಹಾಸ ಓದುವಾಗ ಕೇಳಬೇಕಾದ ಪ್ರಶ್ನೆ: ಇದನ್ನು ಎಲ್ಲಿಂದ ತೆಗೆದರು, ಮತ್ತು ಏನನ್ನು ಬಿಟ್ಟರು?

ಸಂಸ್ಕೃತಿಯ ಓದಿನ ಅಪಾಯ, ನಮ್ಮ ಕನ್ನಡಿಯನ್ನೇ ಮತ್ತೆ ಮತ್ತೆ ನೋಡಿಕೊಳ್ಳುವುದು. ನಮ್ಮ ಹಬ್ಬ, ನಮ್ಮ ಊಟ, ನಮ್ಮ ಹಾಡುಗಳ ಬಗ್ಗೆ ಓದುವುದು ಸಂತೋಷವೇ. ಆದರೆ ಪಕ್ಕದ ಮನೆಯ ಅಡುಗೆಕೋಣೆಯೊಳಗೆ ನಮ್ಮನ್ನು ಕರೆದುಕೊಂಡು ಹೋಗುವ ಬರಹ ಬೇಕು. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದ 'ಹಾರ್ಟ್ ಲ್ಯಾಂಪ್' ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿ ಪಡೆಯಿತು. ಕನ್ನಡದಿಂದ ಹೋದ ಕೃತಿಗೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಅನುವಾದಿಸಿದವರು ಕೊಡಗಿನ ದೀಪಾ ಭಾಸ್ತಿ. ಮುಸ್ಲಿಂ ಮನೆಗಳ ಹೆಣ್ಣುಮಕ್ಕಳ ಬಾಳನ್ನು ಒಳಗಿನಿಂದ ಬಲ್ಲವರು ಬರೆದ ಕತೆಗಳವು. ಮೂಲದಲ್ಲೇ ಓದುವ ಭಾಗ್ಯ ನಮಗಿದೆ. ಹಾಗೆಯೇ ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ 'ಕರ್ವಾಲೊ' ಕಾದಂಬರಿಯಲ್ಲಿ ಮಲೆನಾಡಿನ ಹಳ್ಳಿಗರ ನಡುವೆ ಹಾರುವ ಓತಿಯನ್ನು ಹುಡುಕುವ ವಿಜ್ಞಾನಿ ಕರ್ವಾಲೊ ಒಬ್ಬ ಕ್ರೈಸ್ತ. ನಮ್ಮ ನೆರೆಯವರು ನಮ್ಮನ್ನು ಎಷ್ಟು ಪ್ರೀತಿಯಿಂದ ನೋಡಬಲ್ಲರು ಎಂಬುದಕ್ಕೂ ಅದೊಂದು ಸಾಕ್ಷಿ. ಜಗದ್ಗುರು ಫ್ರಾನ್ಸಿಸರು 2024ರ ಜುಲೈನಲ್ಲಿ ಸಾಹಿತ್ಯದ ಓದಿನ ಬಗ್ಗೆಯೇ ಒಂದು ಪತ್ರ ಬರೆದರು. ಇನ್ನೊಬ್ಬರ ಕಣ್ಣಿನಿಂದ ಲೋಕವನ್ನು ನೋಡಲು ಕತೆ ಕಾದಂಬರಿಗಳು ಕಲಿಸುತ್ತವೆ ಎಂಬುದು ಆ ಪತ್ರದ ಮುಖ್ಯ ವಿಚಾರಗಳಲ್ಲಿ ಒಂದು. ಇಲ್ಲಿ ಕೇಳಬೇಕಾದ ಪ್ರಶ್ನೆ: ಇದನ್ನು ಓದಿದ ಮೇಲೆ ಯಾರು ನನಗೆ ಹತ್ತಿರವಾದರು?

ಎರಡು ಆಕ್ಷೇಪಣೆಗಳು

"ಇದೆಲ್ಲ ಬಿಡುವಿದ್ದವರಿಗೆ. ಗಾರ್ಮೆಂಟ್ಸ್‌ನಲ್ಲಿ ದುಡಿದು ಬರುವ ತಾಯಿಗೆ ಭಾನುವಾರ ಬಟ್ಟೆ ಒಗೆಯುವುದರಲ್ಲೇ ಮುಗಿಯುತ್ತದೆ" ಎಂದು ಕೆಲವರು ಹೇಳಬಹುದು. ಇದು ನ್ಯಾಯವಾದ ಮಾತು. ಅದಕ್ಕೆ ಉತ್ತರ, ಆ ತಾಯಿಗೆ ಉಪದೇಶ ಮಾಡುವುದಲ್ಲ. ಬಟ್ಟೆಯ ಬಕೆಟ್ಟನ್ನು ಮನೆಯ ಉಳಿದವರು ಎತ್ತಿಕೊಳ್ಳುವುದು. ಮನೆಯಲ್ಲಿ ಒಬ್ಬರಿಗಷ್ಟೇ ಓದಲು ಬಿಡುವಿದ್ದು ಇನ್ನೊಬ್ಬರಿಗೆ ಎಂದೂ ಇಲ್ಲವಾದರೆ ಆ ಓದಿನಲ್ಲೇ ಒಂದು ಅನ್ಯಾಯ ಸೇರಿಕೊಂಡಿದೆ. ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಕೆಲಸ ಮಾಡುತ್ತಾ ಕೇಳುವುದೂ ಓದೇ. ಓದು ಬಾರದ ಅಜ್ಜಿ ಆ ಕೂಟದಲ್ಲಿ ಕೇಳುವ ಪ್ರಶ್ನೆ ಬಹಳ ಸಲ ಎಲ್ಲರ ಪ್ರಶ್ನೆಗಿಂತ ಹರಿತವಾಗಿರುತ್ತದೆ.

"ಬೈಬಲ್ ಓದಿದರೆ ಸಾಲದೇ? ಲೋಕದ ಗೋಜು ಏಕೆ?" ಎಂಬುದು ಎರಡನೆಯ ಆಕ್ಷೇಪಣೆ. ಆದರೆ ಲೋಕದ ಗೋಜು ನಮ್ಮನ್ನು ಕೇಳಿ ಬರುವುದಿಲ್ಲ, ಫೋನಿನಲ್ಲಿ ಅದು ಆಗಲೇ ಬಂದು ಕುಳಿತಿದೆ. ಒಳ್ಳೆಯ ಓದು ತುಂಬದ ಜಾಗವನ್ನು ಬೇರೇನೋ ತುಂಬುತ್ತದೆ. ಇಷ್ಟಕ್ಕೂ ನೆರೆಯವನನ್ನು ಪ್ರೀತಿಸಬೇಕೆಂದು ಕಲಿತವರು ಆ ನೆರೆಯವನು ಯಾರು, ಅವನ ಕಷ್ಟವೇನು ಎಂದು ತಿಳಿಯದೆ ಇರುವುದು ಹೇಗೆ? ಪ್ರೇಷಿತರ ಕಾರ್ಯಕಲಾಪಗಳಲ್ಲಿ ಇಥಿಯೋಪಿಯದ ಒಬ್ಬ ಅಧಿಕಾರಿ ರಥದಲ್ಲಿ ಕುಳಿತು ಪ್ರವಾದಿ ಯೆಶಾಯನ ಗ್ರಂಥ ಓದುತ್ತಾ ಸಾಗುವುದನ್ನು ನಾವು ಕಾಣುತ್ತೇವೆ. ಫಿಲಿಪ್ಪ ಅವನ ಪಕ್ಕದಲ್ಲಿ ಹತ್ತಿ ಕುಳಿತ ಮೇಲೆಯೇ ಓದಿದ್ದು ಅವನಿಗೆ ಅರ್ಥವಾಯಿತು. ಪವಿತ್ರ ಗ್ರಂಥಕ್ಕೇ ಜೊತೆಗಾರ ಬೇಕಾದಾಗ, ಸುದ್ದಿಗೂ ಇತಿಹಾಸಕ್ಕೂ ಬೇಡವೇ?

ಮನೆಗೊಂದು ಕ್ರಮ

ಕೊನೆಯದಾಗಿ ಒಂದು ಸಣ್ಣ ಸಲಹೆ. ತಿಂಗಳಿಗೆ ನಾಲ್ಕು ಭಾನುವಾರ. ಮೊದಲನೆಯದು ಪ್ರಚಲಿತ ವಿದ್ಯಮಾನಕ್ಕೆ, ಎರಡನೆಯದು ತಂತ್ರಜ್ಞಾನಕ್ಕೆ, ಮೂರನೆಯದು ಇತಿಹಾಸಕ್ಕೆ, ನಾಲ್ಕನೆಯದು ಸಂಸ್ಕೃತಿಗೆ ಇರಲಿ. ಐದನೆಯ ಭಾನುವಾರ ಬಂದರೆ ಹಿಂದೆ ಓದಿದ್ದರಲ್ಲಿ ಒಂದನ್ನು ಮತ್ತೆ ಓದಿ. ಒಂದು ಗಂಟೆ ಸಾಕು. ಪ್ರತಿ ತಿಂಗಳು ಮನೆಯ ಬೇರೆ ಬೇರೆಯವರು ಓದನ್ನು ಆರಿಸಲಿ, ಮಕ್ಕಳೂ ಆರಿಸಲಿ. ಆರಿಸಿದವರು ಅದನ್ನು ಮೊದಲು ಪೂರ್ತಿ ಓದಿರಬೇಕು, ಏಕೆ ಆರಿಸಿದೆ ಎಂದು ಎರಡು ಮಾತು ಹೇಳಬೇಕು. ಮಗ ಆರಿಸಿದ್ದು ಅಪ್ಪನಿಗೆ ಒಪ್ಪಿಗೆಯಾಗದಿದ್ದರೂ ಕೊನೆಯವರೆಗೆ ಕೇಳಬೇಕು. ಆ ಒಂದು ಗಂಟೆ ಫೋನುಗಳು ಬೇರೆ ಕೋಣೆಯಲ್ಲಿರಲಿ. ಇನ್ನು ವಾರದ ಉಳಿದ ದಿನಗಳಲ್ಲಿ, ಯಾರ ಬಗ್ಗೆಯಾದರೂ ಕೆಟ್ಟದ್ದು ಹೇಳುವ ಸಂದೇಶ ಬಂದರೆ ಅದನ್ನು ಒಂದು ರಾತ್ರಿ ಹಾಗೆಯೇ ಬಿಡಿ. ನಿಜವಾದದ್ದು ಬೆಳಗಾದರೂ ನಿಜವೇ ಆಗಿರುತ್ತದೆ.

ಈ ಕ್ರಮದಿಂದ ಲೋಕ ಬದಲಾಗುತ್ತದೆ ಎಂದು ಹೇಳುತ್ತಿಲ್ಲ. ಆದರೆ ಹೀಗೆ ಓದಿ ಬೆಳೆದ ಮಕ್ಕಳ ಊರಿಗೆ ನಾಳೆ ಗುರುತಿಲ್ಲದವನೊಬ್ಬ ಬರುತ್ತಾನೆ. ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಡುತ್ತಾನೆ. ಅವನ ಬಗ್ಗೆ ಒಂದು ಸಂದೇಶವೂ ಬರುತ್ತದೆ. ಆಗ ಆ ಮಕ್ಕಳಲ್ಲಿ ಒಬ್ಬನಾದರೂ ರಸ್ತೆಗೆ ಕಲ್ಲು ಎಳೆಯುವ ಮುನ್ನ, "ಇದು ಯಾರಿಗೆ ಹೇಗೆ ತಿಳಿಯಿತು?" ಎಂದು ಕೇಳಿದರೆ, ನಮ್ಮ ಭಾನುವಾರದ ಓದು ವ್ಯರ್ಥವಾಗಲಿಲ್ಲ.